ದುರ್ಬೀನಿನ ಮೇಲಿನ ಪೆನ್ಸಿಲ್ ಗೆರೆ

ಆಯುಧಪೂಜೆ ಕಳೆದ ಐದನೆಯ ದಿನ ಬೆಳಿಗ್ಗೆ ನಿವೃತ್ತ ಹವಾಲ್ದಾರ್ ನಂಜಪ್ಪನವರು ಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯ ಮಾಡಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಗೋಣಿಚೀಲ ಸುತ್ತಿದ ಬಂದೂಕು. ಹೊಳೆನರಸೀಪುರದಲ್ಲಿ ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುವ ಮೇಷ್ಟರ ಬಳಿಗೆ ಬಂದೂಕು ಬರಲು ಕಾರಣ ಇಷ್ಟೆ: ಅಷ್ಟು ಸಣ್ಣ ಸ್ಕ್ರೂಡ್ರೈವರ್‌ಗಳು ಇದ್ದದ್ದು ನನ್ನಲ್ಲಿ.

ಅರಕಲಗೂಡು ಕಡೆ ಗದ್ದೆಗಿಳಿದಿದ್ದ ಒಂಟಿ ಸಲಗಕ್ಕೆ ಅರಿವಳಿಕೆ ಕೊಟ್ಟು ಸಾಗಿಸುವುದಿತ್ತು. ಆ ಸೂಜಿ ಹಾರಿಸಲು ಮೂವತ್ತು ಹೆಜ್ಜೆ ಹತ್ತಿರಕ್ಕೆ ನಡೆದೇ ಹೋಗಬೇಕಾದವನು ಪಶುವೈದ್ಯ ಜಿತೇಂದ್ರ. ಆನೆ ತಿರುಗಿ ಬಿದ್ದರೆ ಅವನ ಬೆನ್ನಿಗಿರುವುದು ಈ ಒಂದೇ ಭಾರಿ ಬಂದೂಕು. ನಂಜಪ್ಪನವರಿಗೆ ಅರವತ್ತಾಗಿ ಕಣ್ಣು ಮಂಜಾಗಿತ್ತು. ಅದಕ್ಕೇ ಗುರಿ ನೋಡಲು ಮೇಲೊಂದು ದುರ್ಬೀನು ಕೂರಿಸಿದ್ದರು. ಜಿತೇಂದ್ರ ನನ್ನ ಮುಂದೆ ಕೂತು ಷಟ್ಪದಿ ಒಪ್ಪಿಸಿದವನು. ಇರುವೆಯ ಸಾಲು ಕಂಡರೆ ದಾಟದೆ ನಿಲ್ಲುತ್ತಿದ್ದ.

“ಮೊದಲ್ನೇ ಏಟು ನಡುಮಧ್ಯಕ್ಕೆ ಓಯ್ತು. ಎರಡ್ನೇದು ಗೇಣುದ್ದ ಆಕಡೆ. ಮೂರ್ನೇದು ಎಲ್ಲಿಗೋಯ್ತೋ ಸಿವ್ನೇ ಬಲ್ಲ,” ಎಂದರು ನಂಜಪ್ಪನವರು.

ಮುಂದೆ ಸರಿದ ದುರ್ಬೀನನ್ನು ಹಿಂದಕ್ಕೆಳೆದು, ಕಣ್ಣಿಗೆ ತೀರ ಹತ್ತಿರ ಬಿಗಿದು ನಾಲ್ಕನೆಯದನ್ನು ಹಾರಿಸಿದಾಗ ಅದರ ಅಂಚು ಹುಬ್ಬಿಗೆ ಬಡಿದಿತ್ತು. ನಾಳೆ ರೇಂಜರ್ ಎದುರು ಮೂರು ಗುಂಡು ಒಂದೆಡೆ ಬೀಳದಿದ್ದರೆ ಇವರನ್ನು ಕರೆದೊಯ್ಯುವುದಿಲ್ಲ. ಜಿತೇಂದ್ರ ಮಾತ್ರ ಹೇಗಿದ್ದರೂ ಹೋಗುತ್ತಾನೆ.

ಬಂದೂಕು ಹಿಂದಕ್ಕೆ ಒದ್ದರೆ ದುರ್ಬೀನು ಮುಂದಕ್ಕೇಕೆ ಸರಿಯಬೇಕು? ನನಗೆ ಅದೇ ಸೋಜಿಗ. ಕೇಳಿದೆ.

“ಬಸ್ಸು ಸರಕ್ಕಂತ ಇಂದಕ್ಕೆ ಬಂದ್ರೆ ನಿಂತೋರು ಮುಂದಕ್ಕೆ ಬೀಳಾಕಿಲ್ವಾ? ಅಂಗೇ ಮೇಷ್ಟ್ರೇ.”

ತಿರುಪುಗಳನ್ನೆಲ್ಲ ಬಿಗಿದು, ದುರ್ಬೀನಿನ ಕೊಳವೆ ತನ್ನನ್ನು ಹಿಡಿದಿರುವ ಲೋಹದ ಬಳೆಯಿಂದ ಹೊರಬರುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಹರದನಹಳ್ಳಿ ಕಡೆಯ ಪಾಳು ಕಲ್ಲುಕ್ವಾರಿಯಲ್ಲಿ ಒಂದು ಗುಂಡು ಹಾರಿಸಿದರು. ಗೆರೆ ಅಕ್ಕಿಕಾಳಿನಷ್ಟು ಮುಂದೆ ಹೋಗಿತ್ತು. ತಿರುಪು ಒಂದೂ ಸಡಿಲಾಗಿರಲಿಲ್ಲ.

ಆಗ ನೆನಪಾದದ್ದು ತಂಬೂರಿಯ ತಂತಿ ಬಿಗಿಯುವ ಬಿರಡೆ. ಜಿಡ್ಡು ತಾಗಿದ ಬಿರಡೆಯನ್ನು ಎಷ್ಟು ಒತ್ತಿದರೂ ಶ್ರುತಿ ನಿಲ್ಲದು. ಒರೆಸಿ ಸೀಮೆಸುಣ್ಣ ತಿಕ್ಕಬೇಕು. ಮನೆಗೆ ಬಂದು ಬಳೆಗಳನ್ನು ಬಿಚ್ಚಿದೆ. ಹತ್ತಿಯಲ್ಲಿ ಒರೆಸಿದರೆ ಹತ್ತಿ ಕೆಂಪಾಯಿತು. ಕುಂಕುಮ, ಎಳ್ಳೆಣ್ಣೆ.

ನಂಜಪ್ಪನವರು ತಲೆ ತಗ್ಗಿಸಿದರು. “ಪೂಜೆ ದಿನ ಎಲ್ಲಾ ಬಿಚ್ಚಿ ಬಾಳೆಲೆ ಮೇಲಿಟ್ಟು ಒಂದೊಂದ್ಕೂ ಹಚ್ಚಿದ್ದೆ. ಬರೀ ಮೇಲ್ಮೇಲೆ ಸವರಿದ್ರೆ ಒಳಗಿಂದಕ್ಕೆ ಪೂಜೆ ಸಲ್ತದಾ?”

ಆದರೆ ಒರೆಸಲು ಬಿಡಲೊಲ್ಲರು. ಆನೆಯ ಮುಂದೆ ಹೋಗುವ ಹೊತ್ತಿನಲ್ಲಿ ಪೂಜೆ ಅಳಿಸುವುದೇ ಎಂದು ಅವರ ಅಳುಕು. ನಿಜ ಹೇಳಬೇಕೆಂದರೆ ನನ್ನ ಕೈಯೂ ತಡೆಯಿತು.

“ಅಭಿಷೇಕ ಆದ್ಮೇಲೆ ಮೂರ್ತೀನ ಒದ್ದೆಯಾಗೇ ಬಿಡ್ತಾರೇನು? ಮಡಿವಸ್ತ್ರದಲ್ಲಿ ಒರೆಸಿದ ಮೇಲೇ ಅಲಂಕಾರ. ಒರೆಸೋದೂ ಸೇವೇನೇ ನಂಜಪ್ಪನವರೇ,” ಎಂದೆ.

ಅವರು ಎದ್ದು ಕೈತೊಳೆದು ಬಂದು ತಾವೇ ಒರೆಸಿದರು. ಸ್ಪಿರಿಟ್ ಹಚ್ಚಿ, ಒಣಬಟ್ಟೆಯಲ್ಲಿ ತಿಕ್ಕಿ, ತಿರುಪಿನ ಸುತ್ತುಗಳನ್ನೂ ಬಿಡದೆ. ದುರ್ಬೀನನ್ನು ಹುಬ್ಬಿನಿಂದ ನಾಲ್ಕು ಬೆರಳು ದೂರಕ್ಕಿಟ್ಟು, ತಿರುಪುಗಳನ್ನು ಮೂಲೆಯಿಂದ ಎದುರುಮೂಲೆಗೆ, ಒಂದೊಂದಕ್ಕೂ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬಂದೆ. ನಾಲ್ಕು ತಂತಿಗಳನ್ನು ಕೂಡಿಸುವಾಗಲೂ ಹೀಗೇ, ಒಂದನ್ನೇ ಹಿಡಿದು ಕೂತರೆ ಉಳಿದವು ಜಾರುತ್ತವೆ. ಬಳೆಯ ಅಂಚಿಗೆ ಹೊಸದಾಗಿ ಪೆನ್ಸಿಲ್ ಗೆರೆ ಎಳೆದೆ. ಬಿಗಿದ ತಿರುಪು ಅಲ್ಲೇ ಅಂಟಿ ನಿಲ್ಲಲೆಂದು ತಲೆಗೊಂದು ತೊಟ್ಟು ಉಗುರುಬಣ್ಣ ಬೇಕೆಂದೆ. ಹೇಳಿಕಳಿಸಿದಾಗ ನಂಜಪ್ಪನವರ ಹೆಂಡತಿ ಸುವರ್ಣಮ್ಮ ತಮ್ಮ ಮನೆಯಿಂದ ಮೊಮ್ಮಗಳ ಗುಲಾಬಿ ಬಣ್ಣದ ಶೀಶೆ ತಂದುಕೊಟ್ಟು, “ಇನ್ನು ಜಡೆ ಒಂದು ಆಕುದ್ರೆ ಆಯ್ತು,” ಎಂದರು.

ಮರುದಿನ ಮೂರು ಗುಂಡಿನ ತೂತುಗಳನ್ನು ರೇಂಜರ್ ಅಂಗೈಯಲ್ಲಿ ಮುಚ್ಚಿ ತೋರಿಸಿದರು. ನಾನು ನೋಡಿದ್ದು ಪೆನ್ಸಿಲ್ ಗೆರೆಯನ್ನು. ಇದ್ದಲ್ಲೇ ಇತ್ತು. ಜಿತೇಂದ್ರ ಗುಲಾಬಿ ಚುಕ್ಕೆಗಳನ್ನು ಬಗ್ಗಿ ನೋಡಿ, “ಈ ಬಂದೂಕು ನಾಳೆ ಬಾಯಿ ಬಿಡದ ಹಾಗೆ ಬೇಡ್ಕೊಳ್ಳಿ ಸಾರ್,” ಎಂದ.

ಅದರ ಮರುದಿನ ಸಂಜೆ ನಂಜಪ್ಪನವರು ಬಂದರು. ಸೂಜಿ ತಾಗಿದ ಆನೆ ಜಿತೇಂದ್ರನ ಕಡೆಗೇ ತಿರುಗಿತ್ತಂತೆ. ಅವನು ಕಲ್ಲಿನಂತೆ ನಿಂತಿದ್ದನಂತೆ.

“ಗುರಿ ಅಣೆ ಮೇಲೆ ಕೂತಿತ್ತು. ದುರ್ಬೀನು ಮೋಸ ಮಾಡಾಕಿಲ್ಲ ಅನ್ನೋ ಧೈರ್ಯ ಇತ್ತಲ್ಲ, ಇನ್ನೆಲ್ಡು ಎಜ್ಜೆ ಬರ್ಲಿ ಅಂತ ಕಾದೆ. ಅಷ್ಟ್ರಲ್ಲೇ ಮಂಡಿಯೂರ್ತು.”

ಜಿತೇಂದ್ರ ಆನೆಯ ಕಿವಿಯ ಹಿಂದೆ ನೀರು ಸುರಿಯುತ್ತ ಲಾರಿಯ ಜೊತೆಗೇ ಹೋದನಂತೆ. ನಂಜಪ್ಪನವರು ಜೇಬಿನಿಂದ ತೋಟಾಗಳನ್ನು ತೆಗೆದು ನನ್ನ ಮುಂದೆ ಇಟ್ಟರು. ಒಯ್ದಷ್ಟೂ ಇದ್ದವು.