ಹತ್ತೊಂಬತ್ತನೇ ವಾರದ ಸವಾಲು

ಮಗನ ಕಣ್ಣಿಗೆ ಮಣ್ಣೆರಚಿ ಮನೆ ಬಿಟ್ಟು ಗೊತ್ತಿರಲಿಲ್ಲ ಶಿವಕ್ಕನಿಗೆ. ಅರವತ್ತೆಂಟು ವರ್ಷದಲ್ಲಿ ಅವಳು ಹೇಳಿದ ಸುಳ್ಳೆಲ್ಲ ಮೊಮ್ಮಕ್ಕಳಿಗೆ ಔಷಧಿ ಕುಡಿಸೋಕೆ ಹೇಳಿದ್ದು. ಆ ಶನಿವಾರ ಬೆಳಿಗ್ಗೆ ಮಾತ್ರ ಬಸವೇಶ್ವರನಗರದ ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ಯಶೋದಮ್ಮನ ಜೊತೆ ಮಂಡಿ ಡಾಕ್ಟರ ಹತ್ರ ಹೋಗ್ಬರ್ತೀನಪ್ಪಾ" ಅಂದಳು.

"ಆಟೋ ಮಾಡ್ಕೊಂಡು ಹೋಗಮ್ಮ. ನಂಗೆ ಆಫೀಸಲ್ಲಿ ಆಡಿಟ್ ಇದೆ, ಬಿಡೋಕಾಗಲ್ಲ," ಅಂದ ಮಗ ಚನ್ನವೀರೇಶ, ಮೊಬೈಲಿಂದ ತಲೆ ಎತ್ತದೆ.

ಶಿವಕ್ಕನಿಗೆ ಪಾಪಪ್ರಜ್ಞೆ ಬೇರೆ. ರಜಾ ದಿನವೂ ದುಡಿಯೋ ಮಗನಿಗೆ ಸುಳ್ಳು ಹೇಳಿಬಿಟ್ಟೆನಲ್ಲ ಅಂತ ಆರ್‌ಪಿಸಿ ಲೇಔಟ್ ಬರೋವರೆಗೂ ಆಟೋದಲ್ಲಿ ಕೊರಗಿದಳು. ಅಲ್ಲಿ ಯಶೋದಮ್ಮ ಹತ್ತಿಕೊಂಡಳು. ಇಪ್ಪತ್ತು ವರ್ಷದ ಸ್ನೇಹಿತೆ, ಬಾಯಿ ಜೋರು, ಮನಸ್ಸು ಮೆತ್ತಗೆ. ಹತ್ತಿದವಳೇ, "ಡಿಡಿ ತಂದಿದೀರಾ? ಆಧಾರ್ ಕಾರ್ಡು? ಕನ್ನಡಕ?" ಅಂತ ಶುರು ಮಾಡಿದಳು. ಇಬ್ಬರೂ ಹೊರಟಿದ್ದು ಹರಾಜಿಗೆ.

ಹರಾಜು ಅಂದರೆ ಮನೆಯದ್ದಲ್ಲ, ಸೈಟಿನದ್ದಲ್ಲ. ವಾರದ್ದು. ಹೌದು, ವರ್ಷದಲ್ಲಿರೋ ಐವತ್ತೆರಡು ವಾರದಲ್ಲಿ ಒಂದು ವಾರದ್ದು. ಇಪ್ಪತ್ತಮೂರು ವರ್ಷದ ಹಿಂದೆ ಶಿವಕ್ಕನ ಗಂಡ ಕರಿಬಸಪ್ಪ ಸೀರೆ ಅಂಗಡಿ ಮುಂದೆ ಯಾರೋ ಕೊಟ್ಟ ಲಕ್ಕಿ ಡ್ರಾ ಚೀಟಿ ತುಂಬಿದರು. ಡಿನ್ನರ್ ಸೆಟ್ ಬಂದಿದೆ, ದಂಪತಿ ಸಮೇತ ಬನ್ನಿ ಅಂತ ಫೋನು ಬಂತು. ಹೋದವರನ್ನ ಹೋಟೆಲಿನ ಏಸಿ ರೂಮಲ್ಲಿ ಮೂರು ಗಂಟೆ ಕೂಡಿಸಿ ಕಬಿನಿ ಕಡೆಯ ಒಂದು ರೆಸಾರ್ಟಿನ ಹತ್ತೊಂಬತ್ತನೇ ವಾರವನ್ನ ಮಾರಿಯೇ ಬಿಟ್ಟರು. ಪ್ರತಿ ವರ್ಷ ಮೇ ತಿಂಗಳ ಎರಡನೇ ವಾರ, ಎರಡು ಕೋಣೆಯ ಕಾಟೇಜು, ಅವರೂ ಅವರ ವಾರಸುದಾರರೂ ಅನುಭವಿಸಿಕೊಂಡು ಬರತಕ್ಕದ್ದು. ನೆಂಟರೆಲ್ಲ ನಕ್ಕರು. ಗಾಳಿಗೆ ದುಡ್ಡು ಕೊಟ್ಟ ಎಂಜಿನಿಯರು ಅಂತ ದಾವಣಗೆರೆವರೆಗೂ ಹೆಸರಾಯಿತು. ಆದರೆ ನಗೋರ ಮುಂದೆ ಎಡವಿ ಬೀಳೋ ಜಾತಿಯಲ್ಲ ಕರಿಬಸಪ್ಪ. ಒಂದು ವರ್ಷವೂ ತಪ್ಪಿಸಲಿಲ್ಲ. ಚಕ್ಕುಲಿ ಡಬ್ಬ, ಶೇಂಗಾ ಚಟ್ನಿಪುಡಿ, ಇಸ್ಪೀಟು, ಮಕ್ಕಳು, ಅಳಿಯ, ಸೊಸೆ, ಎಲ್ಲರನ್ನೂ ತುಂಬಿಕೊಂಡು ಹೋಗೋರು.

ಬಸವೇಶ್ವರನಗರದ ಮನೆಯನ್ನ ಮಗನ ಹೆಸರಿಗೆ ಮಾಡಿದಾಗ ಮಗಳು ಶಿವಾನಿ ಹಕ್ಕು ಬಿಟ್ಟು ಸಹಿ ಹಾಕಿಕೊಟ್ಟಳು. ಸಹಿ ಹಾಕಿದವಳು ಆಮೇಲೆ ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವನು ಕೇಳಿ ಬರೆಸಿಕೊಂಡ ರೀತಿ ಹಾಗಿತ್ತು. ಆದರೂ ಮೇ ತಿಂಗಳು ಬಂದರೆ ಮಲ್ಲತ್ತಹಳ್ಳಿಯಿಂದ ಮಕ್ಕಳನ್ನ ಕಟ್ಟಿಕೊಂಡು ರೆಸಾರ್ಟಿಗೆ ಬರೋಳು. ಆ ಏಳು ದಿನ ಅಣ್ಣತಂಗಿ ಒಂದೇ ಮೇಜಲ್ಲಿ ಉಣ್ಣೋರು, ಇಸ್ಪೀಟಲ್ಲಿ ಮೋಸ ಮಾಡಿ ಜಗಳ ಆಡೋರು. ಅದನ್ನ ನೋಡಿಯೇ ಕರಿಬಸಪ್ಪ ಸಾಯೋಕೆ ಮುಂಚೆ ಹೆಂಡತಿಗೆ ಹೇಳಿದ್ದು, "ಮನೆ ಹೋದ್ರೆ ಹೋಗ್ಲಿ. ಆ ವಾರ ಬಿಡಬೇಡ. ಅದೊಂದು ಹೋದ್ರೆ ಇವರಿಬ್ಬರು ಒಬ್ಬರ ಮುಖ ಒಬ್ಬರು ನೋಡಲ್ಲ."

ಅವರು ಹೋಗಿ ಐದು ವರ್ಷ. ಪ್ರತಿ ಮೇ ತಿಂಗಳೂ ಶಿವಕ್ಕ ಕೇಳೋಳು, ಪ್ರತಿ ವರ್ಷ ಮಗ, "ರಿಪೇರಿ ನಡೀತಿದೆ ಕಣಮ್ಮ, ಕ್ಲೋಸ್ ಮಾಡಿದಾರೆ" ಅನ್ನೋನು. ಇವಳು ನಂಬೋಳು. ಹೋದ ತಿಂಗಳು ಯಶೋದಮ್ಮ ಪೇಪರ್ ಹಿಡಿದುಕೊಂಡು ಬಂದಾಗಲೇ ಗೊತ್ತಾಗಿದ್ದು. ವಾರ್ಷಿಕ ನಿರ್ವಹಣಾ ಶುಲ್ಕ ಕಟ್ಟದೇ ಬಾಕಿ ಉಳಿಸಿಕೊಂಡವರ ವಾರಗಳನ್ನ ಬಹಿರಂಗ ಹರಾಜು ಹಾಕ್ತಾರಂತೆ, ಅರ್ಧ ಪುಟ ಹೆಸರು. ಅದರ ಮಧ್ಯೆ ಟಿ. ಎಂ. ಕರಿಬಸಪ್ಪ, ಬಸವೇಶ್ವರನಗರ. ಜೀವಮಾನದಲ್ಲಿ ಒಂದು ದಿನ ತಡವಾಗಿ ಕರೆಂಟ್ ಬಿಲ್ ಕಟ್ಟಿದವರಲ್ಲ. ಸತ್ತ ಮೇಲೆ ಸುಸ್ತಿದಾರ ಅಂತ ಪೇಪರಲ್ಲಿ ಬಂತು ಹೆಸರು.

ಇಷ್ಟಾದ ಮೇಲೆ ಬೇರೆ ತಾಯಿಯಾದರೆ ಮಗನ ಕೊರಳಪಟ್ಟಿ ಹಿಡಿಯೋಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಹೇಳಿಲ್ಲ ನೋಡಿ ಹಿರಿಯರು. ಶಿವಕ್ಕ ರಾತ್ರಿಯೆಲ್ಲ ಯೋಚಿಸಿ ಮಗನ ಪರವಾಗಿ ತಾನೇ ವಾದ ಹುಡುಕಿಕೊಂಡಳು. ಪಾಪ, ಕೈ ಕಟ್ಟಿರಬೇಕು. ಗಂಡಸಿಗೆ ಕೈ ಖಾಲಿ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಬಾಕಿ ಕಟ್ಟೋ ಗಡುವು ಅಷ್ಟರಲ್ಲಿ ಮುಗಿದಿತ್ತು, ಇನ್ನು ಹರಾಜಲ್ಲಿ ಕೂಗಿ ಬಿಡಿಸಿಕೊಳ್ಳೋದೊಂದೇ ದಾರಿ. ಮಗಳಿಗೆ ಫೋನು ಮಾಡಿದಳು. ಶಿವಾನಿ ಯಶೋದಮ್ಮನ ಕೈಲಿ ಇಪ್ಪತ್ತು ಸಾವಿರ ಕೊಟ್ಟು ಕಳಿಸಿದಳು. ಶಿವಕ್ಕ ತನ್ನ ನಾಲ್ಕು ಚಿನ್ನದ ಬಳೆ ಮಾರಿದಳು.

"ಅಣ್ಣನಿಗೆ ಈಗ್ಲೇ ಹೇಳ್ಬೇಡಮ್ಮ," ಅಂದಿದ್ದಳು ಶಿವಾನಿ. "ಅವಮಾನ ಅನ್ಕೊಂಡ್ಬಿಡ್ತಾನೆ. ಸಿಕ್ಕಿದ್ಮೇಲೆ ಹೇಳು. ನಾನೇ ಕರೀತೀನಿ ಅವನ್ನ, ಬಾರೋ ಹೋಗೋಣ ಅಂತ." ಎಷ್ಟು ವರ್ಷ ಆಗಿತ್ತು ಅವಳ ಬಾಯಲ್ಲಿ ಅಣ್ಣ ಅನ್ನೋ ಮಾತು ಕೇಳಿ. ಶಿವಕ್ಕ ಫೋನ್ ಇಟ್ಟು ಅಡುಗೆಮನೆಯಲ್ಲಿ ಅತ್ತಳು.

ಹರಾಜು ಇಟ್ಟಿದ್ದು ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ. ಆಷಾಢ ತಾನೆ, ಮದುವೆ ಇಲ್ಲ, ಬಾಡಿಗೆ ಅಗ್ಗ. ಊಟದ ಹಾಲಲ್ಲಿ ಕುರ್ಚಿ ಹಾಕಿದ್ದರು. ಬಾಗಿಲಲ್ಲಿ ಶಶಿಕುಮಾರ ಅನ್ನೋ ಗುಮಾಸ್ತ ಹೆಸರು ಬರೆಸಿಕೊಂಡು, ಡಿಡಿ ಇಟ್ಟುಕೊಂಡು, ಹದಿನೇಳು ಅಂತ ನಂಬರ್ ಬರೆದ ರಟ್ಟು ಕೊಟ್ಟ. ಎಲ್ಲ ಸೇರಿ ಮೂವತ್ತು ಜನ ಇದ್ದರೆ ಹೆಚ್ಚು. ಮುಂದಿನ ಸಾಲಲ್ಲಿ ಬಿಳಿ ಪಂಚೆ ಉಟ್ಟು ಒಬ್ಬ ದಪ್ಪನೆಯ ಆಸಾಮಿ ಕೂತಿದ್ದ. ಹರಾಜು ಕೂಗೋನು ಅವನನ್ನ, "ಲಿಂಗಪ್ನೋರೆ, ಕಾಫಿ ಆಯ್ತಾ?" ಅಂತ ವಿಚಾರಿಸಿದ. ಇಂಥ ವಾರಗಳನ್ನ ಸಗಟಾಗಿ ಕೊಂಡು ಕಂಪನಿಗಳಿಗೆ ಬಾಡಿಗೆ ಕೊಡೋ ವ್ಯಾಪಾರಿ ಅವನು. ಒಂದಾದಮೇಲೊಂದು ವಾರವನ್ನ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡಂತೆ ಎತ್ತಿಕೊಳ್ಳುತ್ತಿದ್ದ. ಬೇರೆಯವರು ಎರಡು ಸಾರಿ ಕೂಗಿ ಸುಮ್ಮನಾಗೋರು.

"ಇವನ ಎದುರು ನಾವು ನಿಲ್ತೀವಾ ಶಿವಕ್ಕ?" ಅಂದಳು ಯಶೋದಮ್ಮ. ಶಿವಕ್ಕ ಬ್ಯಾಗಲ್ಲಿದ್ದ ದುಡ್ಡನ್ನ ಇನ್ನೊಂದು ಸಲ ಮುಟ್ಟಿ ನೋಡಿಕೊಂಡಳು.

ಹತ್ತೊಂಬತ್ತನೇ ವಾರ ಬಂತು. ಕೂಗು ಐವತ್ತು ಸಾವಿರದಿಂದ. ಶಿವಕ್ಕ ರಟ್ಟು ಎತ್ತಿ ಐವತ್ತೈದು ಅಂದಳು, ಧ್ವನಿ ಅವಳದೇ ಅನ್ನಿಸಲಿಲ್ಲ. ಲಿಂಗಪ್ಪ ತಿರುಗಿಯೂ ನೋಡದೆ ಅರವತ್ತು ಅಂದ. ಶಿವಕ್ಕ ಅರವತ್ತೈದು. ಆಗ ಹಿಂದಿನ ಬಾಗಿಲ ಹತ್ತಿರದಿಂದ ಯಾರೋ ಎಪ್ಪತ್ತು ಅಂದರು.

ಆ ಧ್ವನಿ ಅವಳಿಗೆ ಗೊತ್ತಿರದೇ ಇರುತ್ತಾ? ತಿರುಗಿ ನೋಡಿದರೆ ಚನ್ನವೀರೇಶ. ಈಗ ತಾನೇ ಬಂದವನು, ಕಂಬದ ಪಕ್ಕ ನಿಂತುಕೊಂಡು ಮೈಕಿನ ಕಡೆಯೇ ನೋಡುತ್ತಿದ್ದಾನೆ. ಜನರ ಮಧ್ಯೆ ಕೂತ ಅಮ್ಮ ಅವನ ಕಣ್ಣಿಗೆ ಬಿದ್ದಿಲ್ಲ.

ಶಿವಕ್ಕನ ಎದೆ ತುಂಬಿಬಂತು. ನೋಡಿದೆಯಾ, ಅವನಿಗೂ ಕರುಳು ಹಿಂಡಿದೆ. ಅವನೂ ಆಡಿಟ್ ಅಂತ ಸುಳ್ಳು ಹೇಳಿ ಅಪ್ಪನ ವಾರ ಬಿಡಿಸೋಕೆ ಬಂದಿದಾನೆ. "ನನ್ನ ಮಗ ಕಣ್ರೀ," ಅಂತ ಯಶೋದಮ್ಮನ ತೊಡೆ ಹಿಂಡಿ ರಟ್ಟನ್ನ ಬ್ಯಾಗಿಗೆ ತುರುಕಿದಳು.

ಅಷ್ಟಕ್ಕೇ ಸುಮ್ಮನೆ ಕೂತಿದ್ದರೆ ಆಗಿತ್ತು. ಲಿಂಗಪ್ಪನ ಕೈ ಮೇಲೇಳ್ತಾ ಇರೋದು ಕಂಡಳು. ಶಿವಕ್ಕನ ತವರು ಹರಿಹರದ ಕಡೆ. ಅಲ್ಲಿ ಮಠದಲ್ಲಿ ಜಾತ್ರೆ ಮುಗಿದ ಮೇಲೆ ದೇವರ ಕಾಯಿ, ದೇವರ ಸೀರೆ ಸವಾಲಿಗಿಡ್ತಾರೆ. ತೀರಿಕೊಂಡ ಹಿರಿಯರ ಹೆಸರಲ್ಲಿ ಮನೆಯವರು ಕೂಗಿದರೆ ಮೇಲೆ ಯಾರೂ ಹೋಗೋ ಹಾಗಿಲ್ಲ. ಎಂಥ ಸಾಹುಕಾರನೂ ತಲೆ ತಗ್ಗಿಸಿ ಕೂತುಬಿಡ್ತಾನೆ. ಅವಳಿಗೆ ಗೊತ್ತಿದ್ದ ಹರಾಜು ಅದೊಂದೇ. ಮಗ ಹಿಂದೆ ಗುಮಾಸ್ತನ ಮೇಜಿನ ಕಡೆ ಬಗ್ಗಿ ಹೆಸರು ಬರೆಸುತ್ತಿದ್ದ. ಅವಳು ಎದ್ದು ಮಂಡಿ ಹಿಡಿದುಕೊಂಡು ಮುಂದಿನ ಸಾಲಿಗೆ ಹೋಗಿ ಲಿಂಗಪ್ಪನ ಮುಂದೆ ಕೈ ಮುಗಿದಳು.

"ಅಣ್ಣಾ, ಅವನು ನನ್ನ ಮಗ. ಅವರಪ್ಪನ ವಾರ ಅದು, ಅವರು ತೀರಿಕೊಂಡಿದಾರೆ. ಸಾವಿನ ಮನೆ ಸವಾಲು. ದಯವಿಟ್ಟು ಮೇಲೆ ಹೋಗಬೇಡಿ."

ಲಿಂಗಪ್ಪ ಅವಳ ಹಣೆಯ ವಿಭೂತಿ ನೋಡಿದ. "ಯಾವ ಊರು ತಾಯಿ ನಿಮ್ದು?" ಅಂದ. ಹರಿಹರ ಅಂದಾಗ, "ನಮ್ದು ರಾಣೆಬೆನ್ನೂರು. ಹೋಗ್ರಿ, ಕೂಡ್ರಿ," ಅಂತ ಕೈ ಇಳಿಸಿದ. ಉಳಿದವರು ಲಿಂಗಪ್ಪನೇ ಬಿಟ್ಟಮೇಲೆ ನಮಗೇನು ಅಂತ ಸುಮ್ಮನಾದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಎಪ್ಪತ್ತು ಸಾವಿರಕ್ಕೆ ಮುಗಿಯಿತು.

ಶಿವಕ್ಕ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಾಗಲೇ ಮೈಕಲ್ಲಿ ಓದಿದರು: "ಖರೀದಿದಾರರು, ಹೇಮಶ್ರೀ ಚನ್ನವೀರೇಶ್." ಸೊಸೆಯ ಹೆಸರು. ಇರಲಿ, ಹೆಂಡತಿ ಹೆಸರಲ್ಲಿ ತಗೊಂಡಿದಾನೆ, ಏನೀಗ ಅಂದುಕೊಂಡಳು. ಅದಕ್ಕೂ ಒಂದು ವಾದ ಹುಡುಕಿಕೊಳ್ಳೋಳೇ, ಅಷ್ಟರಲ್ಲಿ ಲಿಂಗಪ್ಪ ಮಾತಾಡಿದ.

"ನಿಮ್ಮ ಮಗ ಭಾರಿ ಶಾಣ್ಯಾ ಬಿಡ್ರಿ," ಅಂದ. ಮೆಚ್ಚಿಯೇ ಅಂದಿದ್ದು, ಅದರಲ್ಲಿ ಕುಹಕ ಇರಲಿಲ್ಲ. "ಬಾಕಿ ಕಟ್ಟಿದ್ರ ಒಂದೂವರೆ ಲಕ್ಷ ಹೋಗ್ತಿತ್ತು, ಮ್ಯಾಲೆ ವಾರ ಅಪ್ಪನ ಹೆಸರಲ್ಲೇ ಉಳೀತಿತ್ತು. ಅಕ್ಕತಂಗೇರು, ತಾಯಿ, ಎಲ್ಲಾರಿಗೂ ಪಾಲು. ಹರಾಜಿಗೆ ಬಿಟ್ಟು ಕೊಂಡ್ರ ಹಳೇ ಬಾಕಿ ಮನ್ನಾ, ಹಳೇ ವಾರಸುದಾರರ ಹಕ್ಕೂ ಖಲಾಸ್. ಬರೋಬ್ಬರಿ ಮಾಡ್ಯಾನ."

"ಅವನು ಬೇಕಂತ ಬಿಟ್ಟಿದ್ದಲ್ಲಪ್ಪ. ಕೈಲಿ ಇರಲಿಲ್ಲ," ಅಂದಳು ಶಿವಕ್ಕ.

ಡಿಡಿ ವಾಪಸು ಕೊಡೋಕೆ ಬಂದ ಗುಮಾಸ್ತ ಶಶಿಕುಮಾರ ಅದನ್ನ ಕೇಳಿಸಿಕೊಂಡ. "ಇಲ್ಲಮ್ಮ, ನಾನೇ ಮೂರು ಸಲ ಫೋನ್ ಮಾಡಿದೀನಿ ಸಾರ್‌ಗೆ. ಬಡ್ಡಿ ಬಿಡಿಸ್ಕೊಡ್ತೀವಿ, ಕಂತಲ್ಲಿ ಕಟ್ಟಿ ಅಂದೆ. ಬೇಡ, ಹರಾಜಿಗೆ ಹಾಕಿ, ತಾರೀಖು ಮಾತ್ರ ತಿಳಿಸಿ ಅಂದ್ರು."

ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ಐದು ವರ್ಷ ರಿಪೇರಿ ರಿಪೇರಿ ಅಂತ ತಾಯಿಯನ್ನ ಸುಮ್ಮನಿರಿಸಿ, ಅಪ್ಪನ ಹೆಸರನ್ನ ಸುಸ್ತಿದಾರರ ಪಟ್ಟಿಗೆ ತಾನೇ ಸೇರಿಸಿ, ತಂಗಿಯ ಪಾಲು ಅಳಿಸಿಹಾಕೋಕೆ ಕಾದು ಕೂತಿದ್ದ. ಮೇಲೆ ಹೋಗೋಕೆ ಇದ್ದ ಒಬ್ಬನೇ ಒಬ್ಬನನ್ನ ಕೈ ಮುಗಿದು ಕೂಡಿಸಿದವಳು ಯಾರು? ಅವಳ ಬ್ಯಾಗಲ್ಲಿ ಲಕ್ಷದ ಮೇಲಿತ್ತು. ಇನ್ನೆರಡು ಸಾರಿ ಕೂಗಿದ್ದರೆ ವಾರ ಅವಳದಾಗುತ್ತಿತ್ತು. ಶಿವಕ್ಕನಿಗೆ ಮೈಯೆಲ್ಲ ಉರಿಯಿತು, ಮಗನ ಮೇಲೆ ಎಷ್ಟೋ ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಕೈ ತೊಳೆಯೋ ನಲ್ಲಿಗಳ ಹತ್ತಿರ ಚನ್ನವೀರೇಶ ಅಮ್ಮನನ್ನ ಕಂಡ. ಮಡಚುತ್ತಿದ್ದ ರಸೀದಿಯನ್ನ ಬೇಗ ಜೇಬಿಗೆ ತುರುಕಿದ.

"ನೀನ್ಯಾಕಮ್ಮ ಇಲ್ಲಿ? ಮಂಡಿ ಡಾಕ್ಟ್ರು?"

"ಆಡಿಟ್ ಮುಗೀತೇನಪ್ಪ?" ಅಂದಳು ಶಿವಕ್ಕ.

ಅವನಿಗೆ ಅರ್ಥವಾಯಿತು. ಆದರೆ ತಪ್ಪು ಮಾಡಿದವನ ಮುಖ ಮಾಡಲಿಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಡೋನ ಮುಖ ಮಾಡಿದ. "ನೋಡಮ್ಮ, ಸೆಂಟಿಮೆಂಟ್ ಬೇಡ. ಅಷ್ಟೂ ವರ್ಷ ಮೇಂಟೆನೆನ್ಸ್ ಕಟ್ಟಿದ್ದು ಅಪ್ಪ, ಶಿವಾನಿ ಒಂದು ಪೈಸೆ ಕೊಟ್ಟಿದ್ಲಾ? ಈಗ ಕ್ಲಿಯರ್ ಆಗಿದೆ, ಯಾರ ತಕರಾರೂ ಇಲ್ಲ. ನೀನು ನಮ್ಮ ಜೊತೆ ಬರ್ತೀಯ, ನಿನಗೇನು ಕಡಿಮೆ ಆಯ್ತು?"

"ಶಿವಾನಿ?"

"ಬರ್ಲಿ, ಬೇಡ ಅಂದೋರ್ಯಾರು. ಗೆಸ್ಟ್ ಚಾರ್ಜ್ ಅಂತ ಇರುತ್ತೆ, ಕಟ್ಕೊಂಡು ಬರ್ಲಿ."

ಯಶೋದಮ್ಮ, "ಥೂ, ಒಡಹುಟ್ಟಿದವಳೇನೋ ಅವಳು," ಅಂದಳು. ಶಿವಕ್ಕ ಅವಳ ಕೈ ಒತ್ತಿ ಸುಮ್ಮನಿರಿಸಿದಳು. ಬೈಗುಳ ಎಲ್ಲ ತನ್ನ ನಾಲಿಗೆ ತುದಿಗೂ ಬಂದಿತ್ತು, ಹರಿಹರದ ಬೈಗುಳ, ಒಂದೊಂದೂ ಏಳು ತಲೆಮಾರು ಮುಟ್ಟೋವು.

ಆಗ ಫೋನು ಬಂತು. ಶಿವಾನಿ. ಶಿವಕ್ಕ ಸ್ಪೀಕರ್ ಹಾಕದಿದ್ದರೂ ಟೈಲ್ಸ್ ಹಾಕಿದ ಆ ಖಾಲಿ ಜಾಗದಲ್ಲಿ ಮಗಳ ಮಾತು ಎಲ್ಲರಿಗೂ ಕೇಳುತ್ತಿತ್ತು.

"ಅಮ್ಮ, ಸಿಕ್ತಾ? ಮಕ್ಕಳಿಗೆ ಹೇಳ್ಬಿಟ್ಟಿದೀನಿ ಕಣೇ. ಮಾವನ ಜೊತೆ ಬೋಟಲ್ಲಿ ಹೋಗ್ತೀವಿ ಅಂತ ಕುಣೀತಿದಾವೆ."

ಚನ್ನವೀರೇಶ ಬಾಗಿಲ ಕಡೆ ಹೆಜ್ಜೆ ಇಟ್ಟವನು ನಿಂತ. ನಿಜ ಹೇಳಿದರೆ ಇವತ್ತಿಗೆ ಈ ಇಬ್ಬರ ಋಣ ಮುಗಿಯಿತು, ತನ್ನ ಹೆಣದ ಮುಂದೆಯೂ ಇವರು ಒಟ್ಟಿಗೆ ನಿಲ್ಲೋದಿಲ್ಲ. ಅದು ಶಿವಕ್ಕನಿಗೂ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಅವನು ಹೇಳಬೇಡ ಅಂತ ತಲೆ ಅಲ್ಲಾಡಿಸಿದ.

"ಸಿಗಲಿಲ್ಲ ಮಗಳೇ," ಅಂದಳು ಶಿವಕ್ಕ. "ಬೇರೆಯವರು ತಗೊಂಡ್ರು."

"ಅಯ್ಯೋ. ಯಾರಮ್ಮ?"

ಶಿವಕ್ಕ ಮಗನ ಮುಖವನ್ನೇ ನೋಡುತ್ತಾ ಹೇಳಿದಳು. "ಯಾರೋ ಗೊತ್ತಿಲ್ಲ. ನಮ್ಮೋರಲ್ಲ."