ಉಪ್ಪು ಬೆರೆತ ವೈನ್

ಸಿನಿಮಾದಲ್ಲಿ ಗೆಳತಿಯರಿಬ್ಬರು ಕುಡಿಯುವ ವೈನ್ ನಿಜಕ್ಕೂ ದ್ರಾಕ್ಷಿ ರಸ. ಚಿತ್ರೀಕರಣದ ವೇಳೆ ಅದನ್ನು ಗ್ಲಾಸಿಗೆ ತುಂಬಿಡುವ ಕೆಲಸ ಇವಳದು. ಕಥೆಯೂ ಅರ್ಧ ಇವಳದೇ. ಇವಳ ಕಾಲೇಜಿನ ಗೆಳತಿ ತಮ್ಮಿಬ್ಬರ ಸ್ನೇಹವನ್ನೇ ಕಥೆಯಾಗಿ ಬರೆದು ನಿರ್ದೇಶಿಸುತ್ತಿದ್ದಳು. ಆದರೆ ಗೆಳತಿ ಈಗ ಊಟಕ್ಕೆ ಕೂರುವುದು, ಕಿವಿಯಲ್ಲಿ ಪಿಸುಗುಟ್ಟುವುದು ಎಲ್ಲ ಇವಳ ಪಾತ್ರ ಮಾಡುವ ನಟಿಯ ಜೊತೆ. ನೋಡಿ ನೋಡಿ ಇವಳ ಹೊಟ್ಟೆ ಉರಿದುಹೋಗಿತ್ತು.

ಇಂದು ನಟಿಯ ಗ್ಲಾಸಿಗೆ ಧಾರಾಳವಾಗಿ ಉಪ್ಪು ಬೆರೆಸಿಟ್ಟಳು.

ಕ್ಯಾಮೆರಾ ಓಡುತ್ತಿದ್ದಂತೆಯೇ, ಒಂದು ಗುಟುಕಿಗೆ ನಟಿಯ ಮುಖ ಸೊಟ್ಟಗಾಯಿತು. "ಥೂ, ಸಮುದ್ರದ ನೀರೇನೇ ಇದು? ನೀನೂ ಕುಡಿ ಬಾ!" ಎಂದು ಗ್ಲಾಸನ್ನು ನಿರ್ದೇಶಕಿಯ ಬಾಯಿಗೇ ಹಿಡಿದಳು. ಗೆಳತಿ ಕುಡಿದು ಮುಖ ಕಿವುಚಿದಳು. ಇಬ್ಬರೂ ಒಬ್ಬರ ಮೇಲೊಬ್ಬರು ವಾಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೆಳತಿ ಇವಳ ಭುಜಕ್ಕೆ ಹಾಗೆ ವಾಲಿ ನಕ್ಕು ಎಷ್ಟು ಕಾಲವಾಗಿತ್ತು!

"ಆ ಮುಖ ಸಕತ್ತಾಗಿತ್ತು ಕಣೇ, ಸಿನಿಮಾದಲ್ಲಿ ಇರಲೇಬೇಕು," ಎಂದ ಗೆಳತಿ ಇವಳತ್ತ ತಿರುಗಿದಳು. "ಇನ್ನೊಂದು ಟೇಕ್ ತಗೋತೀವಿ. ಅಷ್ಟೇ ಉಪ್ಪು ಹಾಕು. ಎಷ್ಟು ಅಂತ ನಿನಗೇ ಗೊತ್ತಲ್ಲ?"

ಇವಳು ಹಲ್ಲು ಕಚ್ಚಿಕೊಂಡು ಉಪ್ಪಿನ ಡಬ್ಬಿ ತೆರೆದಳು. ಬೆನ್ನ ಹಿಂದೆ ಆ ಇಬ್ಬರ ನಗು ಇನ್ನೂ ನಿಂತಿರಲಿಲ್ಲ.