ಅರವತ್ತು ದಾಟಿದವರ ಕೇಕು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಸಿಟ್ಸ್ಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವೇಗ ಅಳೆಯುವ ಕೈಗಡಿಯಾರದ ದಾಖಲೆಯನ್ನು ಇನ್ನೂ ಯಾರೂ ಪರೀಕ್ಷಿಸಿಲ್ಲ, ಆಗಲೇ ಅವಳು ಸೇಬಿನ ಕೇಕು ಬೇಯಿಸಿ ಕ್ಲಬ್ಬಿಗೆ ತಂದುಬಿಟ್ಟಿದ್ದಳು. ಐಸೆಲ್ ಸರೋವರದ ದಂಡೆಯ ಆ ಕ್ಲಬ್ಬಿನಲ್ಲಿ, ಗಾಳಿಯ ಬಲಕ್ಕೆ ನೀರಿನ ಮೇಲೆ ಓಡುವ ಹಾಯಿಹಲಗೆಯ ಮೇಲೆ ನಿಂತು ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದವರ ಹೆಸರನ್ನು ಗೋಡೆಯ ಪಟ್ಟಿಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಾರೆ. ಹೆಸರು ಏರಿದವರೇ ಉಳಿದವರಿಗೆಲ್ಲ ಕೇಕು ತಿನ್ನಿಸಬೇಕು. ಹನ್ನೊಂದು ವರ್ಷ ಅವಳು ಬೇರೆಯವರ ಕೇಕನ್ನೇ ತಿಂದಿದ್ದಳು. ಐವತ್ತೇಳನೆಯ ವಯಸ್ಸಿನಲ್ಲಿ, ಇವತ್ತು ಬೆಳಿಗ್ಗೆ, ಅವಳ ಕೈಗಡಿಯಾರ ಅರವತ್ತಮೂರು ತೋರಿಸಿತ್ತು.

ದಾಖಲೆ ಪರೀಕ್ಷಿಸುವ ಕೆಲಸ ಅವಳ ಗಂಡ ವೀಬ್ರನ್‌ನದು. ಪಟ್ಟಿಯಲ್ಲಿ ಅವನ ಹೆಸರು ಎಂಟು ವರ್ಷದಿಂದ ಇದೆ: ಅರವತ್ತೂವರೆ. ಪಾತ್ರೆ ತೊಳೆಯುವ ಸರದಿ ಬಂದಾಗಲೂ ಆ ಅರವತ್ತೂವರೆ ಅವನ ಬಾಯಿಗೆ ಬರುತ್ತಿತ್ತು.

ಅವನು ಲ್ಯಾಪ್‌ಟಾಪಿನಲ್ಲಿ ವೇಗದ ಗೆರೆಯನ್ನು ಹಿಗ್ಗಿಸಿದ.

"ನೋಡಿಲ್ಲಿ. ಐವತ್ತೊಂಬತ್ತೂವರೆ, ಐವತ್ತೊಂಬತ್ತೂವರೆ, ಆಮೇಲೆ ಒಂದೇ ಏಟಿಗೆ ಅರವತ್ತಮೂರು, ಆಮೇಲೆ ಸೊನ್ನೆ. ಬಿದ್ದೆ ತಾನೆ?"

"ಬಿದ್ದೆ. ಎಲ್ರೂ ಬೀಳ್ತಾರೆ."

"ಬೀಳೋವಾಗ ಕೈ ಮುಂದಕ್ಕೆ ಎಸೆದಿದೀಯ. ಅರವತ್ತಮೂರರಲ್ಲಿ ಓಡಿದ್ದು ಹಲಗೆ ಅಲ್ಲ ಕಣೇ, ನಿನ್ನ ಮಣಿಕಟ್ಟು."

ಸಿಟ್ಸ್ಕೆಗೆ ಅಳು ಬಂತು. ಅವಳು ಅದನ್ನು ಮುಚ್ಚಿಡಲೂ ಇಲ್ಲ.

"ಹಂಗಾದ್ರೆ ನಿನ್ನ ಹಳೇ ದಾಖಲೇನೂ ತೆಗೆದು ತೋರ್ಸು. ಆಗ ಇದನ್ನೆಲ್ಲ ಯಾರೂ ನೋಡ್ತಿರ್ಲಿಲ್ಲ."

"ಅದ್ಯಾಕೆ ಈಗ?"

"ನಂಗೊಂದು ತಕ್ಕಡಿ, ನಿಂಗೊಂದು ತಕ್ಕಡೀನಾ?"

ವೀಬ್ರನ್ ತೆಗೆದ. ಓಟದ ಕೊನೆಯಲ್ಲಿ, ದಂಡೆಯ ಏರಿಯ ಎದುರು, ಗೆರೆ ಮೂರು ಸಲ ಮೇಲೆ ಕೆಳಗೆ ಕುಣಿದಿತ್ತು. ಅವನು ಬಿದ್ದಿರಲಿಲ್ಲ, ಕೈ ಬೀಸಿದ್ದ. ಆ ಕುಣಿತವನ್ನು ತೆಗೆದರೆ ಉಳಿದದ್ದು ಐವತ್ತೆಂಟೂವರೆ.

ಸಿಟ್ಸ್ಕೆಗೆ ಆ ದಿನ ನೆನಪಾಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಏರಿಯ ಮೇಲೆ ಕುರ್ಚಿ ಹಾಕಿ ಕೂತಿದ್ದಳು.

"ನಂಗೆ ಟಾಟಾ ಮಾಡಿದ್ದೆ ನೀನು."

"ಮಾಡಿದ್ದೆ," ಎಂದ ವೀಬ್ರನ್. ಅವನ ಕಿವಿ ಕೆಂಪಾಗಿತ್ತು. "ಅಷ್ಟು ಜೋರಾಗಿ ಹೋಗ್ತಿದ್ದೆ, ನೀನು ನೋಡ್ಲಿ ಅನ್ನಿಸ್ತು."

ಎಂಟು ವರ್ಷ ಅವನು ತಲೆಯ ಮೇಲೆ ಹೊತ್ತು ಮೆರೆದ ಅಂಕಿ ತನಗೆ ಬೀಸಿದ ಕೈಯೇ ಎಂದು ತಿಳಿದಾಗ, ಅವಳ ಸಿಟ್ಟೆಲ್ಲ ಇಳಿದುಹೋಯಿತು. ಹೇಳಲಾಗದಷ್ಟು ಖುಷಿಯಾಯಿತು. ವೀಬ್ರನ್ ಎದ್ದು, ಒದ್ದೆ ಬಟ್ಟೆಯಿಂದ ತನ್ನ ಹೆಸರನ್ನು ತಾನೇ ಒರೆಸಿದ.

"ಇಬ್ರೂ ಪಟ್ಟೀಲಿಲ್ಲ," ಎಂದ, ಕಾಫಿ ಕುಡಿಯುತ್ತ ಕೂತಿದ್ದ ಮುದುಕ ಔಕೆ. "ಮತ್ತೆ ಈ ಕೇಕು ಯಾವ ಖುಷಿಗೆ?"

"ಮನೇಲಿ ಈಗ ನಾನೇ ಒಂದು ಕಿಲೋಮೀಟರ್ ಮುಂದೆ. ಅದಕ್ಕೆ," ಎಂದು ಸಿಟ್ಸ್ಕೆ ಕೇಕಿಗೆ ಚಾಕು ಹಾಕಿದಳು. ಎಲ್ಲಕ್ಕಿಂತ ದೊಡ್ಡ ತುಂಡನ್ನು ಗಂಡನ ತಟ್ಟೆಗಿಟ್ಟಳು. "ನಾಳೇನೂ ಗಾಳಿ ಇದೆ. ಏರಿ ಮೇಲೆ ಬಂದು ನಿಂತ್ಕೊ. ಕೈ ನೀನು ಬೀಸು, ನಾನು ಬೀಸಲ್ಲ."